ಹಿಂದಲೆಯ ಪ್ರಯಾಣಿಕರು

ಕಣ್ಣಿಲ್ಲದವರಿಗೆ ಕತ್ತಲೆಯೊಂದೇ ಕಾಣುತ್ತದೆ ಎಂದು ಕಣ್ಣಿದ್ದವರು ನಂಬಿಕೊಂಡಿದ್ದಾರೆ. ಅದು ಕಣ್ಣಿದ್ದವರ ಕುರುಡು. ಬೆಟಗೇರಿಯ ಅಂದಾನಪ್ಪನನ್ನು ಕೇಳಿದ್ದರೆ ಅವನು ಬೇರೆಯೇ ಹೇಳುತ್ತಿದ್ದ. ಆದರೆ ಯಾರೂ ಕೇಳಲಿಲ್ಲ, ಕೇಳದೆ ಹೇಳಿ ಹುಚ್ಚನೆನಿಸಿಕೊಳ್ಳುವ ಉಮೇದು ಅವನಿಗೂ ಇರಲಿಲ್ಲ.

ಅಂದಾನಪ್ಪ ಬಸ್ ಕಂಡಕ್ಟರ್ ಆಗಿದ್ದವನು. ಬಸ್ಸಿನಲ್ಲಿ ಕಂಡಕ್ಟರ್ ಎಂಬ ಮನುಷ್ಯ ಇರುತ್ತಿದ್ದ ಕಾಲದ ಕೊನೆಯ ತಲೆಮಾರು ಅದು. ಈಗ ಬಾಗಿಲೇ ಮುಖ ನೋಡಿ ಟಿಕೆಟ್ ಕೊಡುತ್ತದೆ, ಯಾರೂ ಯಾರಿಗೂ ಮುಂದೆ ಸರಿಯಿರಿ ಎನ್ನುವುದಿಲ್ಲ. ಒಂದು ಬೇಸಿಗೆಯಲ್ಲಿ ಮುಂಡರಗಿ ದಾರಿಯ ಮೇಲೆ ಎಂಜಿನ್ ಕಾದು ಬಸ್ಸು ನಿಂತಾಗ, ಡ್ರೈವರಿಗೆ ನೆರವಾಗಲು ಹೋಗಿ ಅಂದಾನಪ್ಪ ರೇಡಿಯೇಟರಿನ ಮುಚ್ಚಳ ಬಿಚ್ಚಿದ. ಕುದಿಯುವ ಉಗಿ ನೇರ ಮುಖಕ್ಕೆ ಹೊಡೆಯಿತು. ಮುಖದ ಗಾಯ ಮಾಯಿತು. ಕಣ್ಣಿನ ಕರಿಗುಡ್ಡೆಗಳು ಮಾತ್ರ ಸುಣ್ಣ ಬಳಿದ ಕಿಟಕಿಯ ಹಾಗೆ ಬೆಳ್ಳಗಾಗಿ ಉಳಿದವು.

ಕತ್ತಲೆಗೆ ಅವನು ಒಗ್ಗಿಕೊಳ್ಳುತ್ತಿದ್ದ ಹೊತ್ತಿಗೆ ಪ್ರಯಾಣಿಕರು ಬರತೊಡಗಿದರು. ಮೊದಲು ಕೇಸರಿ ರುಮಾಲಿನ ಒಬ್ಬ ಮುದುಕ ಕಂಡ. ಆಮೇಲೆ ಜರಿ ಟೊಪ್ಪಿಗೆಯ ಮಕ್ಕಳು, ಎದೆಯುದ್ದ ಗಡ್ಡದವರು, ಯಾವ ದೇಶದವೋ ತಿಳಿಯದ ಬಣ್ಣಬಣ್ಣದ ಬಟ್ಟೆ ತೊಟ್ಟ ಹೆಂಗಸರು. ಎಲ್ಲರೂ ಅವನ ಕತ್ತಲೆಯೊಳಗಿನ ಒಂದು ಬಸ್ಸು ಹತ್ತಿದರು, ಕುಳಿತರು, ಕಂಬಿ ಹಿಡಿದು ತೂಗಾಡಿದರು. ಯಾರ ಬಾಯಿಂದಲೂ ಒಂದು ಮಾತು ಬರುತ್ತಿರಲಿಲ್ಲ. ಬಸ್ಸು ಎಲ್ಲಿಗೆ ಹೊರಟಿತ್ತೋ ಅವನಿಗೂ ಗೊತ್ತಿರಲಿಲ್ಲ. ಮನೆ ಮುಂದಿನ ಕಟ್ಟೆಯ ಮೇಲೆ ಕುಳಿತು, ಕಿಸೆಯಲ್ಲಿದ್ದ ಹಳೆಯ ಸೀಟಿ ಸವರುತ್ತ ಮೆಲ್ಲಗೆ, "ಒಳಗ ಜಾಗಾ ಐತಿ, ಮುಂದ ಸರೀರಿ" ಎನ್ನುತ್ತಿದ್ದ. ಕೇಳಿಸಿಕೊಂಡವರು, ಪಾಪ, ನೌಕರಿ ಇನ್ನೂ ತಲೆಯಿಂದ ಇಳಿದಿಲ್ಲ ಎಂದುಕೊಳ್ಳುತ್ತಿದ್ದರು.

ಡ್ಯೂಟಿ ಡ್ಯೂಟಿ ಎಂದು ಮದುವೆಯನ್ನು ಮುಂದೂಡಿದ್ದವನಿಗೆ ಹೆಣ್ಣು ಸಿಕ್ಕಿದ್ದು ಕಣ್ಣು ಹೋದ ಮೇಲೆ. ಅವನ ಅಕ್ಕ ನರೇಗಲ್ಲಿನಿಂದ ನಿಂಬವ್ವನನ್ನು ಹುಡುಕಿ ತಂದಳು. ನಿಂಬವ್ವನಿಗೂ ವಯಸ್ಸು ಮೀರಿತ್ತು. ಅದಕ್ಕೆ ಕಾರಣ ಅವಳ ಮೈಮೇಲೆಯೇ ಇತ್ತು. ಹುಡುಗಿಯಾಗಿದ್ದಾಗ ಕಣ್ಣಿನ ಅಂಚಿನಲ್ಲಿ ಶುರುವಾದ ಬಿಳುಪು ಕೆನ್ನೆ, ಕುತ್ತಿಗೆ, ಮುಂಗೈ ಎಂದು ಹರಡಿಕೊಂಡಿತ್ತು. ತೊನ್ನು ಅಂಟುರೋಗವಲ್ಲ ಎಂದು ಡಾಕ್ಟರು ಹೇಳಿದ್ದರು. ಊರಿಗೆ ಯಾರೂ ಹೇಳಿರಲಿಲ್ಲ, ಹೇಳಿದರೂ ಊರು ಕೇಳುತ್ತಿರಲಿಲ್ಲ.

ಮದುವೆಗೆ ಮೊದಲು ಅಕ್ಕ ಅವಳನ್ನು ಪಕ್ಕಕ್ಕೆ ಕರೆದು ಹೇಳಿದ್ದಳು. "ಅವಗ ಇದನ್ನ ಹೇಳಾಕ ಹೋಗಬ್ಯಾಡವಾ. ಕಣ್ಣಿಲ್ಲದವಗ ಬಣ್ಣದ ಸುದ್ದಿ ಯಾಕ?"

ನಿಂಬವ್ವ ಹೇಳಲಿಲ್ಲ. ಓಣಿಯವರಾದರೂ ಹೇಳಲಿಲ್ಲವೇ ಎಂದರೆ, ಬೆನ್ನ ಹಿಂದೆ ಆಡಲು ಓಣಿಗೆ ಸಾವಿರ ನಾಲಿಗೆ, ಎದುರಿಗೆ ಒಂದೂ ಇಲ್ಲ.

ಹೀಗೆ ಆ ಎರಡು ಕೋಣೆಯ ಮನೆಯಲ್ಲಿ ನಿಂಬವ್ವನಿಗೆ ಒಂದು ಸುಖ ಸಿಕ್ಕಿತು. ಅವಳನ್ನು ಅಲ್ಲಿ ಯಾರೂ ನೋಡುತ್ತಿರಲಿಲ್ಲ. ಹೊರಗೆ ಎದುರಾದ ಪ್ರತಿ ಕಣ್ಣೂ ಅವಳ ಕೆನ್ನೆಯ ಮೇಲೆ ಬಿದ್ದು, ಬಿಸಿ ತಗುಲಿದಂತೆ ಜಾರಿ ಬೇರೆಡೆಗೆ ಹೋಗುತ್ತಿತ್ತು. ಮನೆಯೊಳಗೆ ಬಂದು ಅಗಳಿ ಹಾಕಿದರೆ ಸೆರಗು ಹೊದೆಯುವ ಗೊಡವೆಯಿಲ್ಲ. ತೋಳು ಬಿಟ್ಟು, ಕೂದಲು ಹರವಿಕೊಂಡು, ಸೀರೆಗಳಿಗೆ ಫಾಲ್ ಹಚ್ಚುತ್ತ ಕೂರುತ್ತಿದ್ದಳು. ಸಂಜೆ ಅಂದಾನಪ್ಪ ಕೈಯಿಂದ ಅವಳ ಮುಖ ಸವರುತ್ತಿದ್ದ. ಹಣೆ, ಹುಬ್ಬು, ಮೂಗು, ಗದ್ದ. ಆ ಕೈ ಎಲ್ಲಿಯೂ ತಡೆಯುತ್ತಿರಲಿಲ್ಲ. ಬಿಳುಪಿಗೂ ಕಂದಿಗೂ ನಡುವೆ ಇರುವ ಗೆರೆ ಕೈಗೆ ಸಿಗುವಂಥದ್ದಲ್ಲ.

"ನಿನಗ ಹಸಿರು ಭಾಳ ಒಪ್ತೈತಿ ನಿಂಬಿ," ಎಂದು ಅವನು ಆಗಾಗ ಹೇಳುತ್ತಿದ್ದ.

ಕಣ್ಣಿಲ್ಲದವನ ಪ್ರೀತಿಯ ಮಾತು ಎಂದು ನಕ್ಕು, ಅವಳು ಹಸಿರು ಬಳೆ ಇಟ್ಟುಕೊಂಡಳು, ಹಬ್ಬಕ್ಕೆ ಹಸಿರು ಸೀರೆಯನ್ನೇ ಕೊಂಡಳು.

ಹೀಗೇ ಇದ್ದುಬಿಡಬಹುದಿತ್ತು. ಆದರೆ ವಿಜ್ಞಾನಕ್ಕೆ ಸುಮ್ಮನಿರಲು ಬರುವುದಿಲ್ಲ.

ಊರ ಹೊರಗೆ, ಗಾಳಿಯಂತ್ರಗಳು ತಿರುಗುವ ಗುಡ್ಡದ ಬುಡದಲ್ಲಿ, ಒಂದು ಬೋಧನಾ ಆಸ್ಪತ್ರೆ ಇತ್ತು. ಅದರ ಕಣ್ಣಿನ ವಿಭಾಗಕ್ಕೆ ಮೂರು ಮಹಡಿ. ಕೆಳಗೆ ರೋಗಿಗಳು, ನಡುವೆ ಕಲಿಯುವ ಡಾಕ್ಟರು, ಮೇಲೆ ಸಂಶೋಧನೆ. ಆ ಮೇಲಿನ ಮಹಡಿಯಲ್ಲಿ, ಮನುಷ್ಯನ ಕೆನ್ನೆಯ ಒಳಮೈಯಿಂದ ಚೂರು ತೊಗಲು ತೆಗೆದು, ಅದನ್ನು ಬಟ್ಟಲಿನಲ್ಲಿ ಬೆಳೆಸಿ, ಕರಿಗುಡ್ಡೆಯ ಮೇಲೆ ಕೂರಿಸುವ ಗಾಜಿನಂಥ ಪದರ ಮಾಡುವುದನ್ನು ಕಂಡುಹಿಡಿದರು. ಅವರವರದೇ ಮೈಯ ಚೂರು, ಆದ್ದರಿಂದ ಮೈ ಅದನ್ನು ಹೊರಗಿನದೆಂದು ತಳ್ಳುವುದಿಲ್ಲ. ಅಂದಾನಪ್ಪ ಸುದ್ದಿ ಕೇಳಿ ಬಹಳ ನಕ್ಕ. "ಬಾಯಿಲೆ ದುಡದು ಉಂಡವ ನಾ. ಈಗ ಬಾಯಾಗಿಂದನ ಕಣ್ಣು ಬರ್ತಾವಂದ್ರ ಬ್ಯಾಡ ಅನ್ಲೇನು?"

ನಿಂಬವ್ವ ನಗಲಿಲ್ಲ. ಹಚ್ಚಿದ್ದ ಫಾಲನ್ನು ಬಿಚ್ಚಿ ಮತ್ತೆ ಮೊದಲಿನಿಂದ ಹಚ್ಚತೊಡಗಿದಳು.

ಅವನನ್ನು ನೋಡಿಕೊಂಡ ಡಾಕ್ಟರ್ ತಸ್ನೀಮ್ ಸವಣೂರಿನ ಹುಡುಗಿ. ಆಪರೇಷನ್ ಕಲಿಯುವ ಕೊನೆಯ ವರ್ಷ, ಮಾತು ಜಾಸ್ತಿ, ಕೈ ಹಗುರ. ಮೊದಲ ಭೇಟಿಯಲ್ಲೇ ವಿವರಿಸಿದಳು. "ನಾವು ನೋಡೂದು ಕಣ್ಣಿಲೆ ಅಲ್ರಿ ಕಾಕಾ, ಹಿಂದಲಿಯಿಂದ. ಕಣ್ಣು ಬರೇ ಬಾಗಲ. ನಿಮ್ಮ ಬಾಗಲ ಮುಚ್ಚಿ ಭಾಳ ವರ್ಷ ಆತು. ಒಳಗ ನೋಡೂ ಜಾಗಾ ಇನ್ನೂ ಎಚ್ಚರ ಐತೋ ಇಲ್ಲೋ ಅದನ್ನ ಮೊದಲ ಪರೀಕ್ಷೆ ಮಾಡಬೇಕು. ಅದು ಮಲಗಿಬಿಟ್ಟಿದ್ರ ಬಾಗಲ ತಗದು ಉಪಯೋಗಿಲ್ಲ."

ಆ ಪರೀಕ್ಷೆಗೆ ಅವರಲ್ಲಿ ಒಂದು ಯಂತ್ರವಿತ್ತು. ಹೆಸರು ಒಳಗನ್ನಡಿ. ತಲೆಯ ಹಿಂಭಾಗಕ್ಕೆ ಒಂದು ಪಟ್ಟಿ ಕಟ್ಟಿದರೆ, ಮಿದುಳಿನಲ್ಲಿ ನೋಟ ಹುಟ್ಟುವ ಜಾಗದ ಮಿಂಚುಗಳನ್ನು ಅದು ಓದಿ, ಆ ಮನುಷ್ಯ ಏನು ಕಾಣುತ್ತಿದ್ದಾನೋ ಅದನ್ನೇ ಎದುರಿನ ಪರದೆಯ ಮೇಲೆ ಬಿಡಿಸುತ್ತಿತ್ತು. ಕತ್ತಿ ಹಿಡಿಯುವವರಿಗೆ ಕತ್ತಿಯ ಕೆಳಗಿನವರ ನೋಟ ಗೊತ್ತಿರಬೇಕು ಎಂದು ಅದನ್ನು ತರಬೇತಿಗಾಗಿ ಮಾಡಿದ್ದರು. ಕಲಿಯುವವರು ಆ ಕೋಣೆಗೆ ಟಾಕೀಸು ಎಂದು ಹೆಸರಿಟ್ಟು, ಬಿಡುವಾದಾಗಲೆಲ್ಲ ಬಂದು ಕೂರುತ್ತಿದ್ದರು.

ಅಂದಾನಪ್ಪನಿಗೆ ಪಟ್ಟಿ ಕಟ್ಟಿದ ದಿನ ನಿಂಬವ್ವ ಟಾಕೀಸಿನ ಬಾಗಿಲಲ್ಲಿ ನಿಂತಿದ್ದಳು. ಪರದೆಯ ಮೇಲೆ ಬೂದು ಬಣ್ಣ ಬರುತ್ತದೆಂದು ಎಲ್ಲರೂ ಕಾದಿದ್ದರು. ಬಂದದ್ದು ತುಂಬಿದ ಬಸ್ಸು. ಕೇಸರಿ ರುಮಾಲು, ಜರಿ ಟೊಪ್ಪಿಗೆ, ತೂಗಾಡುವ ಕೈಗಳು. ಕಿಟಕಿಯಾಚೆ ಹೊಲವಲ್ಲದ, ಹೊಳೆಯೂ ಅಲ್ಲದ ಏನೋ ಹರಿದುಹೋಗುತ್ತಿತ್ತು. ಕಲಿಯುವ ಹುಡುಗರು ಬಾಯಿ ತೆರೆದು ನೋಡಿದರು.

"ಕಾಕಾ, ಇವರೆಲ್ಲ ಯಾರು?" ತಸ್ನೀಮ್ ಮೆಲ್ಲಗೆ ಕೇಳಿದಳು.

ಅಂದಾನಪ್ಪನ ಮುಖ ನಾಚಿಕೆಯಿಂದ ಕೆಂಪಾಯಿತು. "ನಿಮಗೂ ಕಾಣಾಕತ್ತೈತೇನ್ರಿ? ಹಂಗಾದ್ರ ನನಗ ಹುಚ್ಚು ಹಿಡದಿಲ್ಲ?"

"ಹುಚ್ಚಲ್ರಿ. ಕಣ್ಣು ಹೋದ ಭಾಳ ಮಂದಿಗೆ ಹಿಂಗ ಆಗ್ತೈತಿ. ಹೊರಗಿಂದ ಏನೂ ಬರವಲ್ದು ಅಂತ ಹಿಂದಲಿ ತಾನ ಚಿತ್ರಾ ಮಾಡ್ಕೊಂತೈತಿ. ಕೆಲಸ ಇಲ್ಲದ ಬಡಗಿ…" ಎಂದು ಶುರುಮಾಡಿ ಹಿರಿಯರ ಮುಂದೆ ಮಾತು ನುಂಗಿದಳು.

"ಮಗನ ಕುಂಡಿ ಕೆತ್ತಿದ್ನಂತ," ಎಂದು ಅಂದಾನಪ್ಪನೇ ಮುಗಿಸಿದ. ಕೋಣೆಗೆ ಕೋಣೆಯೇ ನಕ್ಕಿತು. ನಾಚಿಕೆ ಬಿಟ್ಟುಹೋದ ಮೇಲೆ ಅವನು ಹಳೆಯ ಕಂಡಕ್ಟರನಾಗಿ ಒಬ್ಬೊಬ್ಬರನ್ನೇ ತೋರಿಸತೊಡಗಿದ. "ಈ ಮುದಕ ಎಂದೂ ಇಳಿಯಂಗಿಲ್ರಿ. ಈ ಹುಡುಗೂರು ಸುಮ್ನ ಕುಂದ್ರಂಗಿಲ್ಲ. ಅಲ್ಲಿ ಕಿಟಕಿ ಕಡೆ ಹಸಿರು ಸೀರಿ ಉಟ್ಟಾಕಿ ಕಾಣ್ತಾಳಲ್ರಿ, ಆಕಿ ನಮ್ಮನಿಯಾಕಿ."

ಪರದೆಯ ಮೇಲೆ ಹಸಿರು ಸೀರೆಯ ಹೆಂಗಸು ನಿಧಾನವಾಗಿ ತಿರುಗಿದಳು. ಅರಿಸಿನ ಹಚ್ಚಿ ಮಿಂದಂಥ ಮುಖ. ಒಂದು ಕಲೆಯಿಲ್ಲ, ಒಂದು ಗೆರೆಯಿಲ್ಲ.

"ಬಾಕಿ ಯಾರೂ ನನ್ನ ಕಡೆ ನೋಡಂಗಿಲ್ಲ," ಅಂದಾನಪ್ಪ ಹೇಳುತ್ತಲೇ ಇದ್ದ. "ನಿಂಬಿ ಮನಿಗೆ ಬಂದು ಮೊದಲ್ನೇ ಮಾತಾಡಿದಾಗ ಆಕಿ ತಿರುಗಿ ನೋಡಿದ್ಲು. ಅವತ್ತ ಗೊತ್ತಾತು ನೋಡ್ರಿ, ನನ್ನ ಹೇಂತಿ ಹಿಂಗದಾಳ ಅಂತ."

ಕಲಿಯುವವರೆಲ್ಲ ಬಾಗಿಲ ಕಡೆ ತಿರುಗಿದರು. ಅಲ್ಲಿ ನಿಂಬವ್ವ ಇದ್ದಳು. ಎಲ್ಲ ಕಣ್ಣುಗಳೂ ಅವಳ ಕೆನ್ನೆಯ ಮೇಲೆ ಬಿದ್ದು, ಒಟ್ಟಿಗೆ ಜಾರಿದವು.

ತಸ್ನೀಮ್ ಅವಸರದಿಂದ ಮಾತು ತಿರುಗಿಸಿದಳು. "ಕಾಕಾ, ಕಣ್ಣು ಬಂದ ಮ್ಯಾಲ ಇವರೆಲ್ಲ ಹೋಗಿಬಿಡ್ತಾರ. ಹಿಂದಲಿಗೆ ಖರೇ ಕೆಲಸ ಸಿಕ್ಕ ಮ್ಯಾಲ ಸುಳ್ಳು ಚಿತ್ರಾ ಬರಿಯೂದು ಬಿಡ್ತೈತಿ."

"ಹೋಗ್ಲಿ ಬಿಡ್ರಿ. ಅವರವರ ಊರು ಬಂದ್ರ ಇಳಿಯೂದ," ಎಂದ ಅಂದಾನಪ್ಪ. "ಆಕಿ ಇಲ್ಲಿಂದ ಇಳದ್ರೂ ಮನ್ಯಾಗ ಇರ್ತಾಳಲ್ಲ" ಎಂದು ನಕ್ಕ.

ಅಂದು ಮನೆಗೆ ಬಂದ ನಿಂಬವ್ವ ಅಗಳಿ ಹಾಕಿದ ಮೇಲೂ ಸೆರಗು ಸರಿಸಲಿಲ್ಲ. ಇಷ್ಟು ವರ್ಷ ಅವನು ತನ್ನೊಡನೆ ಆಡಿದ ಮಾತೆಲ್ಲ ಆ ಕಿಟಕಿಯ ಹೆಂಗಸಿಗೆ ಹೋಗಿ ಮುಟ್ಟಿದೆ. ತನ್ನ ಗಂಡನೊಡನೆ ಮನೆ ಮಾಡಿದವಳು ಅವಳು, ತಾನು ಬರೀ ಅವಳ ಧ್ವನಿ. ಹಸಿರು ಬಳೆಗಳನ್ನು ಬಿಚ್ಚಿ ಗೂಡಿನಲ್ಲಿಟ್ಟಳು. ಹೊಟ್ಟೆಕಿಚ್ಚೋ, ಅಂಜಿಕೆಯೋ, ಎರಡೂ ಒಂದರ ಮೇಲೊಂದು ಬಿದ್ದು ಅವಳನ್ನು ತಿಂದವು. ಬೇಡ, ಈ ಆಪರೇಷನ್ ಬೇಡ ಎಂದರೆ ಅವನು ಬಿಡುತ್ತಿದ್ದ. ಹೆಂಡತಿ ಅಂಜುತ್ತಾಳೆ ಎಂದು ಸುಮ್ಮನಾಗುತ್ತಿದ್ದ. ಆ ಮಾತು ಬಾಯಿತನಕ ಬಂತು.

ಸಂಜೆ ಅಂದಾನಪ್ಪ ಕಟ್ಟೆಯ ಮೇಲೆ ಬಿಸಿಲಿಗೆ ಮುಖವೊಡ್ಡಿ ಕುಳಿತಿದ್ದ. "ನಿಂಬಿ, ಕಣ್ಣು ಬಂದ ಮ್ಯಾಲ ಮೊದಲ ಏನ್ ನೋಡ್ತೀನಿ ಹೇಳು."

"ಏನ್ ನೋಡ್ತೀರಿ?"

"ನೀ ಸೂಜಿಗೆ ದಾರ ಪೋಣಿಸೂದು. ದಿನಾ ಬೈಕೊಂತ ಪೋಣಸ್ತೀಯಲ್ಲ, ಅದನ್ನ ಕುಂತು ನೋಡಬೇಕು."

ಬೇಡ ಎಂಬ ಮಾತು ಅಲ್ಲಿಗೇ ಅಡಗಿತು. ಇಷ್ಟು ಸಣ್ಣ ಆಸೆಗೆ ಅಡ್ಡ ನಿಲ್ಲುವುದು ಅವಳಿಂದಾಗಲಿಲ್ಲ. ಮರುದಿನ ಅವಳು ಅದೇ ಆಸ್ಪತ್ರೆಯ ಚರ್ಮದ ವಿಭಾಗಕ್ಕೆ ಹೋಗಿ, ಕಲೆ ಮುಚ್ಚುವ ಮುಲಾಮು ಕೇಳಿ ತಂದಳು. ಮೈಬಣ್ಣಕ್ಕೆ ಸರಿಹೊಂದಿಸಿ ಅರೆದುಕೊಡುವ ಮುಲಾಮು. ಹಚ್ಚಿಕೊಂಡು ಕನ್ನಡಿ ನೋಡಿದರೆ ಕೆನ್ನೆ ಒಂದೇ ಬಣ್ಣವಾಗಿತ್ತು. ಕಿಟಕಿಯ ಹೆಂಗಸಿನಷ್ಟು ಚೆಲುವಲ್ಲ, ಆದರೆ ಅವಳ ಅಕ್ಕನೋ ತಂಗಿಯೋ ಎನ್ನುವಷ್ಟು. ಉಳಿದ ಜನ್ಮವೆಲ್ಲ ಏಳುತ್ತಲೇ ಇದನ್ನು ಬಳಿದುಕೊಂಡರಾಯಿತು ಎಂದು ಗಟ್ಟಿ ಮನಸ್ಸು ಮಾಡಿದಳು.

ಆಪರೇಷನ್ನಿನ ದಿನ ಅವಳನ್ನು ಟಾಕೀಸಿನಲ್ಲಿ ಕೂರಿಸಿದರು. ಕಣ್ಣಷ್ಟೇ ಮರಗಟ್ಟಿಸಿದ್ದರಿಂದ ಅಂದಾನಪ್ಪ ಎಚ್ಚರವಿದ್ದ, ಪರದೆಯ ಮೇಲೆ ಮೊದಲು ಬಸ್ಸೇ ಇತ್ತು. ಹಳೆಯ ಬೆಳ್ಳನೆಯ ಪದರವನ್ನು ತೆಗೆದ ಕ್ಷಣ ಒಳಗೆ ಬೆಳಕು ಬಿದ್ದು ಬಸ್ಸಿನ ಮಾಡು ಎದ್ದುಹೋಯಿತು. ಬಣ್ಣಗಳು ಇಳಿದು ಬಂದವು. ನೀಲಿ ತೆಳುವಾಗಿ ಬಂದು, ಗುಲಾಬಿಯೊಳಗೆ ಬೆರೆತು, ಮತ್ತೆ ಯಾರೂ ಹೆಸರಿಡದ ಒಂದು ಬಣ್ಣವಾಗಿ ಸೀಟುಗಳ ನಡುವೆ ಹರಿಯಿತು. ಪ್ರಯಾಣಿಕರು ಆ ಬಣ್ಣದಲ್ಲಿ ಮೊಣಕಾಲುದ್ದ ನಿಂತು ಮೇಲೆ ನೋಡುತ್ತಿದ್ದರು. ಮಕ್ಕಳು ಕೈಯಿಂದ ಅದನ್ನು ಮೊಗೆದು ಒಬ್ಬರ ಮೇಲೊಬ್ಬರು ಎರಚಾಡಿದರು. ಕಡೆಗೆ ಬಸ್ಸೇ ನೆಲ ಬಿಟ್ಟು ತೇಲಿತೆನಿಸಿತು. ನಿಂಬವ್ವ ತಾನು ಯಾತಕ್ಕೆ ಅಂಜಿದ್ದೆನೆಂಬುದನ್ನು ಅಷ್ಟು ಹೊತ್ತು ಮರೆತಳು. ತನ್ನ ಗಂಡನ ತಲೆಯೊಳಗೆ ಇಷ್ಟು ಚಂದದ ಲೋಕವಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಹಸಿರು ಸೀರೆಯವಳು ಕಿಟಕಿಯಿಂದ ಕೈ ಚಾಚಿ ಬೆಳಕನ್ನು ಮುಟ್ಟುತ್ತಿದ್ದಳು. ಅವಳ ಮೇಲೂ ಆಗ ಸಿಟ್ಟು ಬರಲಿಲ್ಲ. ಪಾಪ, ಅವಳಿಗೂ ಇನ್ನು ಹೆಚ್ಚು ದಿನ ಇರಲಿಲ್ಲ.

ಗಾಯ ಮಾಯಿದ ಮೇಲೆ ಕಣ್ಣಿನ ಪಟ್ಟಿ ಬಿಚ್ಚುವ ದಿನ ಬಂತು. ಆ ಆಸ್ಪತ್ರೆಯಲ್ಲಿ ಅದಕ್ಕೊಂದು ರೂಢಿಯಿತ್ತು, ಮೊದಲ ನೋಟ ಎನ್ನುತ್ತಿದ್ದರು. ಬಹಳ ವರ್ಷ ಕಾಣದಿದ್ದವರಿಗೆ ಒಮ್ಮೆಲೇ ಲೋಕವನ್ನೆಲ್ಲ ತೋರಿಸಿದರೆ ಹಿಂದಲೆ ಬೆದರಿ, ಇದು ಸುಳ್ಳು ಎಂದು ಬಾಗಿಲು ಹಾಕಿಕೊಂಡು ತನ್ನ ಹಳೆಯ ಚಿತ್ರಗಳಿಗೇ ಮರಳುತ್ತದೆ. ಆದ್ದರಿಂದ ಕೈಗೆ ಚೆನ್ನಾಗಿ ಗೊತ್ತಿರುವ ಒಂದೇ ಒಂದನ್ನು ಮೊದಲು ಕೈಗೆ ಕೊಟ್ಟು, ಆಮೇಲೆ ಕಣ್ಣಿಗೆ ತೋರಿಸಬೇಕು. ಕೈ ಹೌದೆಂದದ್ದನ್ನು ಕಣ್ಣು ನಂಬುತ್ತದೆ. ಕೆಲವರು ಮನೆದೇವರ ಮೂರ್ತಿ ತರುತ್ತಿದ್ದರು, ಕೆಲವರು ಮೊಮ್ಮಗುವನ್ನು. ಒಬ್ಬ ಪುಣ್ಯಾತ್ಮ ತನ್ನ ಎಮ್ಮೆಯೇ ಬೇಕೆಂದು ಹಟ ಹಿಡಿದಾಗ, ಕಲಿಯುವ ಡಾಕ್ಟರೆಲ್ಲ ವಾಹನ ನಿಲ್ಲಿಸುವ ಜಾಗಕ್ಕೆ ಇಳಿದು ಎಮ್ಮೆಯ ಎದುರು ಪಟ್ಟಿ ಬಿಚ್ಚಿದ್ದರು. ಸೂಜಿ ದಾರ ಆಮೇಲಾಗಲಿ, ಕಣ್ಣಿಗೆ ಅದು ತೀರಾ ಸಣ್ಣದು ಎಂದು ತಸ್ನೀಮ್ ಹೇಳಿದಾಗ ಹಾಗಾದರೆ ಹೆಂಡತಿಯನ್ನೇ ಮೊದಲು ತೋರಿಸಿರಿ ಎಂದು ಅಂದಾನಪ್ಪ ಕೇಳಿದ.

ಕಿಟಕಿ ಮುಚ್ಚಿ ಪರದೆ ಎಳೆದ ಕೋಣೆಯಲ್ಲಿ ಅವನನ್ನು ಕುರ್ಚಿಯಲ್ಲಿ ಕೂರಿಸಿದ್ದರು. ತಲೆಗೆ ಒಳಗನ್ನಡಿಯ ಪಟ್ಟಿ. ಅವನ ಬೆನ್ನ ಹಿಂದಿನ ಗೋಡೆಯ ಮೇಲೆ ಯಂತ್ರದ ತೆರೆ, ಅದರಲ್ಲಿ ಎಂದಿನ ಬಸ್ಸು. ನಿಂಬವ್ವ ಮುಲಾಮು ಬಳಿದ ಮುಖದೊಂದಿಗೆ ಎದುರು ಕುಳಿತಳು. ತಸ್ನೀಮ್ ಆ ಮುಖವನ್ನೊಮ್ಮೆ ನೋಡಿ, ಅಂದಾನಪ್ಪನ ಕೈಯನ್ನು ಅವಳ ಹಣೆಯ ಮೇಲಿಟ್ಟಳು.

ಕೈ ಹಣೆಯಿಂದ ಇಳಿದು ಕೆನ್ನೆಗೆ ಬಂದು ನಿಂತಿತು. ಹಿಂದೆ ಸರಿಯಿತು. ಮತ್ತೆ ಮುಟ್ಟಿತು.

"ಇವರು ಯಾರ್ರಿ?" ಎಂದ ಅಂದಾನಪ್ಪ.

"ನಿಮ್ಮ ಮನಿಯವ್ರ ಕಾಕಾ."

"ಅಲ್ರಿ. ನಿಂಬಿ ಮಾರಿ ನನಗ ಗೊತ್ತಿಲ್ಲೇನು? ಇದು ಎಣ್ಣಿ ಹಚ್ಚಿದ ಕಟಗಿ ಇದ್ದಂಗೈತಿ. ನಿಂಬೀನ ಕರೀರಿ."

ತೆರೆಯ ಮೇಲೆ ಬಸ್ಸಿನವರೆಲ್ಲ ಗಲಿಬಿಲಿಗೊಂಡು ಎದ್ದು ನಿಂತಿದ್ದರು. ತಸ್ನೀಮ್ ನಿಂಬವ್ವನನ್ನು ಬಾಗಿಲಾಚೆ ಕರೆದುಕೊಂಡು ಹೋದಳು. ಬೈಯಲಿಲ್ಲ.

"ಅವ್ವಾ, ಕೈ ಒಲ್ಲೆ ಅಂದ್ರ ನಾ ಪಟ್ಟಿ ಬಿಚ್ಚಂಗಿಲ್ಲ. ನಿಮಗ ಬ್ಯಾಡಾಗಿದ್ರ ಇನ್ನೊಂದು ದಾರಿ ಐತಿ. ಅವರ ಕಿಸೇದಾಗ ಕಂಡಕ್ಟರ್ ಸೀಟಿ ಐತೆಲ್ಲ, ಅದೂ ಅವರ ಕೈಗೆ ಗೊತ್ತು. ಅದನ್ನ ತೋರಸ್ತೀನಿ. ನೀವು ಆಮ್ಯಾಲ ನಿಮಗ ಹೆಂಗ ಬೇಕೋ ಹಂಗ ಎದುರಿಗೆ ಬರ್ರಿ. ಯಾರೂ ಏನೂ ಅನ್ನಂಗಿಲ್ಲ."

ಎಂಥ ಸುಲಭದ ದಾರಿ. ನಿಂಬವ್ವ ತಲೆಯಾಡಿಸಬೇಕಿತ್ತು, ಅಷ್ಟೇ. ಆದರೆ ಅವಳ ಕಿವಿಯಲ್ಲಿ ಒಂದೇ ಮಾತು ಉಳಿದಿತ್ತು. ನಿಂಬೀನ ಕರೀರಿ. ಆ ಕಿಟಕಿಯ ಹೆಂಗಸು ಕಣ್ಣ ಮುಂದೆಯೇ ಇರುವಾಗ ಅವನು ಅವಳನ್ನು ಕರೆದಿರಲಿಲ್ಲ. ಅವನ ಕೈ ಹುಡುಕಿದ್ದು ಈ ಮುಖವನ್ನು, ಇದಿದ್ದ ಹಾಗೆ. ಇವತ್ತು ಸೀಟಿ ತೋರಿಸಿ ತಪ್ಪಿಸಿಕೊಂಡರೆ, ನಾಳೆಯಿಂದ ಆ ಕೈ ಪ್ರತಿ ಸಂಜೆ ಎಣ್ಣೆ ಹಚ್ಚಿದ ಕಟ್ಟಿಗೆಯನ್ನು ಸವರಬೇಕು.

"ನೀರು ಎಲ್ಲೈತ್ರಿ ಅಕ್ಕಾರ?" ಎಂದು ಕೇಳಿದಳು.

ಕೈತೊಳೆಯುವ ತೊಟ್ಟಿಯಲ್ಲಿ ಸಾಬೂನು ಹಚ್ಚಿ ತೊಳೆದಳು. ಬಣ್ಣ ಇಳಿದು ಹೋಯಿತು. ಒದ್ದೆ ಮುಖದಲ್ಲೇ ಬಂದು ಕುಳಿತಳು.

ಈ ಸಲ ಕೈ ಎಲ್ಲಿಯೂ ನಿಲ್ಲಲಿಲ್ಲ. ಹಣೆ, ಹುಬ್ಬು, ಮೂಗು, ಕೆನ್ನೆ, ಗದ್ದ. "ಹಾಂ, ಈಗ ಬಂದ್ಲು," ಎಂದು ಅಂದಾನಪ್ಪ ಉಸಿರುಬಿಟ್ಟ. "ಎಲ್ಲಿ ಹೋಗಿದ್ದಿ?"

ತಸ್ನೀಮ್ ಕಣ್ಣಿನ ಪಟ್ಟಿ ಬಿಚ್ಚಿದಳು.

ನಿಂಬವ್ವ ಅವನ ಕಣ್ಣು ನೋಡುವ ಧೈರ್ಯ ಸಾಲದೆ ಗೋಡೆಯ ತೆರೆಯನ್ನು ನೋಡಿದಳು. ಬಸ್ಸು ಮಸುಕಾಗುತ್ತಿತ್ತು. ಪ್ರಯಾಣಿಕರು ತಮ್ಮ ಗಂಟುಮೂಟೆ ಎತ್ತಿಕೊಂಡು, ಅವಸರವಿಲ್ಲದೆ ಒಬ್ಬೊಬ್ಬರಾಗಿ ಇಳಿಯುತ್ತಿದ್ದರು. ಅವರ ಹಿಂದಿನಿಂದ ಕಂದು ಬಿಳಿಯ ಒಂದು ಆಕಾರ ಮೇಲೆದ್ದು ಬಂತು. ಹಸಿರು ಸೀರೆಯವಳು ಒಂದು ಕ್ಷಣ ಅದರ ಮೇಲೆ ತೆಳ್ಳಗೆ ನಿಂತಿದ್ದಳು, ಅವಳ ಮೂಲಕವೇ ಆಚೆಯ ಮುಖ ಕಾಣುತ್ತಿತ್ತು. ಆಮೇಲೆ ಅವಳಿರಲಿಲ್ಲ.

ಅಂದಾನಪ್ಪ ರೆಪ್ಪೆ ಬಡಿದು ಬಡಿದು ನೋಡಿದ.

"ನಿಂಬಿ, ಬಿಸಲಾಗ ಯಾಕ ಕುಂತಿ?" ಎಂದ. "ಗಿಡದ ಸಂದ್ಯಾಗಿಂದ ಬಿಸಲು ಮಾರಿ ಮ್ಯಾಲ ಬೀಳಾಕತ್ತೈತಿ. ಈಚಿಕಡೆ ನೆಳ್ಳಿಗೆ ಬಾ."

ಕೋಣೆಯ ಕಿಟಕಿಗಳೆಲ್ಲ ಮುಚ್ಚಿದ್ದವು.

"ಬಿಸಲಲ್ಲರಿ ಇದು," ನಿಂಬವ್ವ ಕೆನ್ನೆ ಮುಟ್ಟಿ ತೋರಿಸಿದಳು. "ನನ್ನ ಬಣ್ಣ. ಬಿಳುಪು ಐತಿ ನನಗ, ಸಣ್ಣಾಕಿದ್ದಾಗಿಂದ. ನಿಮಗ ಹೇಳಿರ್ಲಿಲ್ಲ. ಅಂಜಿಕಿ ಬಂದು ಹೇಳಿರ್ಲಿಲ್ಲ."

ಅಂದಾನಪ್ಪ ಬೆರಳು ಚಾಚಿ ಕೆನ್ನೆಯ ಮೇಲೆ ಕಂದಿನಿಂದ ಬಿಳಿಗೆ, ಬಿಳಿಯಿಂದ ಕಂದಿಗೆ ಎಳೆದ. ಕಣ್ಣಿಗೆ ಕಂಡ ಗೆರೆಯನ್ನು ಬೆರಳು ಹುಡುಕುತ್ತಿತ್ತು.

"ಮತ್ತ ಆಕಿ?"

"ಆಕಿ ಯಾರೋ ನನಗ ಗೊತ್ತಿಲ್ಲ."

"ಇಷ್ಟ್ ದಿನ ಆಕಿ ಮಾರಿ ನೋಡ್ಕೊಂತ ನಿನ್ನ ಜೋಡಿ ಮಾತಾಡಿದ್ನೇನು ನಾ?" ಅವನ ಧ್ವನಿಯಲ್ಲಿ ನೋವಿತ್ತು, ಸಿಟ್ಟೂ ಇತ್ತು. "ಒಂದ ಮಾತು ಹೇಳಬೇಕಿತ್ತು ನಿಂಬಿ. ಕುರುಡಾಗಿದ್ದೆ, ಕಿವುಡಾಗಿರ್ಲಿಲ್ಲ."

ಇನ್ನು ಅವನ ಕಣ್ಣು ಜಾರುವುದೊಂದೇ ಬಾಕಿ ಎಂದು ನಿಂಬವ್ವ ತೆರೆಯ ಕಡೆ ನೋಡಿ ಕಾದಳು. ಅವನು ಎತ್ತ ನೋಡುತ್ತಾನೋ ಅದೇ ಅಲ್ಲಿ ಮೂಡಬೇಕು. ಗೋಡೆ ಮೂಡಲಿಲ್ಲ. ನೆಲ ಮೂಡಲಿಲ್ಲ. ಡಾಕ್ಟರರ ಬಿಳಿಯ ಕೋಟೂ ಮೂಡಲಿಲ್ಲ. ಅವಳ ಮುಖವೇ ಇತ್ತು, ತೆರೆಯ ತುಂಬ, ಒಂದಿಷ್ಟೂ ಕದಲದೆ. ಕಣ್ಣಂಚಿನ ಬಿಳುಪು, ಕೆನ್ನೆಯ ಬಿಳುಪು, ಕುತ್ತಿಗೆಗಿಳಿದ ಬಿಳುಪು, ಒಂದೊಂದರ ಮೇಲೂ ಆ ನೋಟ ನಿಂತು, ಸಮಾಧಾನವಾಗಿ ಮುಂದಿನದಕ್ಕೆ ಹೋಗಿ, ಮತ್ತೆ ಅವಳ ಕಣ್ಣುಗಳಿಗೆ ಮರಳಿತು. ಅವಳ ಮೇಲೆ ಯಾರ ಕಣ್ಣೂ ಅಷ್ಟು ಹೊತ್ತು ನಿಂತದ್ದನ್ನು ಅವಳು ಬಾಳಿನಲ್ಲಿ ಕಂಡಿರಲಿಲ್ಲ.

ನೋಡನೋಡುತ್ತ ತೆರೆಯ ಮೇಲಿನ ಮುಖ ನೀರಿನೊಳಗೆ ಬಿದ್ದಂತೆ ಅಲುಗಾಡಿತು. ತನಗೇ ಅಳು ಬಂತೆಂದು ನಿಂಬವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೂ ಮುಖ ತಿಳಿಯಾಗಲಿಲ್ಲ.

"ಕಾಕಾ, ಅಳಬ್ಯಾಡ್ರಿ, ಹೊಸಾ ಕಣ್ಣದು," ಎಂದು ತಸ್ನೀಮ್ ಪಟ್ಟಿ ಹಿಡಿದು ಹತ್ತಿರ ಬಂದಳು. "ಮೊದಲ್ನೇ ದಿನಕ್ಕ ಇಷ್ಟ ಸಾಕು. ಮುಚ್ಚತೀನಿ."

ಅಂದಾನಪ್ಪ ಅವಳ ಕೈಯನ್ನು ಪಕ್ಕಕ್ಕೆ ಸರಿಸಿದ.

"ತಡೀರಿ ಡಾಕ್ಟರ್ರ," ಎಂದ. "ನೆಳ್ಳಿಗೆ ಬಂದಾಳ. ಇನ್ನೊಂದೀಟು ನೋಡ್ತೀನಿ."